ಇಮ್ಯುನಿಟಿಗೂ ಲಗಾಮು ಬೇಕು

ಥೈರಾಯ್ಡ್ ಇದೆ ಎಂದು ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗುವ ಹೆಂಗಸು. ಬೆರಳುಗಳು ಬಿಗಿದುಕೊಂಡು, ಎದ್ದು ಒಂದು ಗಂಟೆಯಾದರೂ ಹಾಲಿನ ಪ್ಯಾಕೆಟ್ ಕತ್ತರಿಸಲಾಗದ ಆಕೆಯ ನೆರೆಯಾಕೆ. ತುಟಿಯಂಚಿಗೆ ತೊನ್ನು ಬಂತೆಂದು ಮದುವೆ ಮಾತುಕತೆ ಮುರಿದುಬಿದ್ದ ಹುಡುಗ. ಶಾಲೆಯ ಚೀಲದಲ್ಲಿ ಇನ್ಸುಲಿನ್ ಪೆನ್ ಇಟ್ಟುಕೊಂಡು ಹೋಗುವ ಹತ್ತು ವರ್ಷದ ಹುಡುಗಿ. ನಮ್ಮ ಯಾವ ಬಡಾವಣೆಯಲ್ಲಿ ಹುಡುಕಿದರೂ ಇಂಥ ನಾಲ್ವರು ಸಿಕ್ಕಾರು. ನಾಲ್ವರೂ ನಾಲ್ಕು ಬಗೆಯ ವೈದ್ಯರ ಬಳಿ ಹೋಗುತ್ತಾರೆ, ನಾಲ್ಕು ಬಗೆಯ ಔಷಧ ತರುತ್ತಾರೆ. ತಮ್ಮ ಕಾಯಿಲೆಗೂ ಪಕ್ಕದ ಮನೆಯವರದಕ್ಕೂ ನಂಟಿದೆ ಎಂಬ ಅನುಮಾನವೂ ಅವರಿಗೆ ಬಂದಿರುವುದಿಲ್ಲ.

ನಂಟಿದೆ. ಸಾಮಾನ್ಯವಾಗಿ ಈ ನಾಲ್ವರ ಮೈಯಲ್ಲೂ ನಡೆದಿರುವುದು ಒಂದೇ ಜಾತಿಯ ಎಡವಟ್ಟು. ರೋಗಾಣುಗಳನ್ನು ಕೊಲ್ಲಲೆಂದು ಇರುವ ವ್ಯವಸ್ಥೆ ಅವರದೇ ದೇಹದ ಒಂದು ಭಾಗದ ಮೇಲೆ ಬಿದ್ದಿದೆ. ಒಬ್ಬರಿಗೆ ಥೈರಾಯ್ಡ್ ಗ್ರಂಥಿ, ಒಬ್ಬರಿಗೆ ಕೀಲಿನ ಒಳಪೊರೆ, ಒಬ್ಬನಿಗೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು, ಆ ಹುಡುಗಿಗೆ ಮೇದೋಜೀರಕ ಗ್ರಂಥಿಯೊಳಗೆ ಇನ್ಸುಲಿನ್ ತಯಾರಿಸುವ ಕೋಶಗಳು. ಇವನ್ನೆಲ್ಲ ಒಟ್ಟಾಗಿ ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಇಂಥ 80ಕ್ಕೂ ಹೆಚ್ಚು ಕಾಯಿಲೆಗಳನ್ನು ಈವರೆಗೆ ಗುರುತಿಸಲಾಗಿದೆ.

ಇಮ್ಯುನಿಟಿ ಎಂದರೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಮೊದಲೇ ಇತ್ತು, ಕೋವಿಡ್ ಅದನ್ನು ಗಟ್ಟಿ ಮಾಡಿತು. ಹಾಗಾಗಿ ಆಟೋಇಮ್ಯೂನ್ ಕಾಯಿಲೆ ಬಂದವರಿಗೂ ನೆಂಟರಿಂದ ಸಿಗುವ ಮೊದಲ ಸಲಹೆ, ‘ನಿಂಗೆ ಇಮ್ಯುನಿಟಿ ಕಮ್ಮಿ ಕಣೇ, ಕಷಾಯ ಕುಡಿ’ ಎಂಬುದೇ. ಹೇಳುವವರ ಪ್ರೀತಿ ದೊಡ್ಡದು, ತಿಳಿವಳಿಕೆ ಮಾತ್ರ ಉಲ್ಟಾ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಈ ಕಾಯಿಲೆಗಳನ್ನು ವಿವರಿಸುವುದುಂಟು. ಆ ಹೋಲಿಕೆಗೆ ನನ್ನದು ಅರ್ಧ ಒಪ್ಪಿಗೆ. ಗಾದೆಯ ಬೇಲಿ ಒಂದು ದಿನ ಇದ್ದಕ್ಕಿದ್ದಂತೆ ಕೆಡುತ್ತದೆ. ದೇಹದ ಸಂಗತಿ ಬೇರೆ. ಹೊಲ ಮೇಯಬಲ್ಲ ಕೋಶಗಳು ಎಲ್ಲರ ಮೈಯಲ್ಲೂ ಮೊದಲಿನಿಂದಲೇ ಇವೆ, ಯಾವ ಕಾಯಿಲೆಯೂ ಇಲ್ಲದೆ ಇದನ್ನು ಓದುತ್ತಿರುವವರ ಮೈಯಲ್ಲೂ ಇವೆ. ಕೆಲವರಿಗೆ ಕಾಯಿಲೆ ಏಕೆ ಬಂತು ಎಂಬುದಕ್ಕಿಂತ ಉಳಿದವರಿಗೆ ಏಕೆ ಬರಲಿಲ್ಲ ಎಂಬುದೇ ಹೆಚ್ಚು ಕುತೂಹಲದ ಪ್ರಶ್ನೆ.

ಕಣ್ಣುಮುಚ್ಚಿ ಮಾಡುವ ತಯಾರಿ

ಮನುಷ್ಯನಲ್ಲಿರುವ, ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ರೋಗಾಣುಗಳ ಬಗೆಗಳಿಗೆ ಲೆಕ್ಕವೇ ಇಲ್ಲ. ಮೇಲಾಗಿ ಮುಂದಿನ ವರ್ಷ ಹುಟ್ಟಲಿರುವ ವೈರಸ್ಸಿನ ರೂಪ ಇಂದು ಯಾರಿಗೂ ಗೊತ್ತಿರುವುದಿಲ್ಲ. ಒಂದೊಂದು ರೋಗಾಣುವಿಗೆ ಒಂದೊಂದು ಜೀನ್ ಇಟ್ಟುಕೊಂಡರೆ ಲೆಕ್ಕ ಹೊಂದುವುದೇ ಇಲ್ಲ. ದೇಹ ಇದಕ್ಕೆ ಕಂಡುಕೊಂಡಿರುವ ದಾರಿ ಜೂಜಿನದು. ಬಿ ಕೋಶ, ಟಿ ಕೋಶ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳು ಹುಟ್ಟುವಾಗ ಜೀನಿನ ಕೆಲವು ತುಣುಕುಗಳನ್ನು ಕತ್ತರಿಸಿ, ಯದ್ವಾತದ್ವಾ ಜೋಡಿಸಿ, ಪ್ರತಿಯೊಂದು ಕೋಶಕ್ಕೂ ಅದರದೇ ಒಂದು ಗ್ರಾಹಕವನ್ನು, ಅಂದರೆ ಹೊರಮೈಯಲ್ಲಿ ಕೊಂಡಿಯಂತಿರುವ ಪ್ರೋಟೀನನ್ನು, ತೊಡಿಸಲಾಗುತ್ತದೆ. ಆ ಗ್ರಾಹಕಕ್ಕೆ ಯಾವ ಆಕಾರ ಕಚ್ಚಿಕೊಳ್ಳುತ್ತದೋ ಅದೇ ಆ ಕೋಶದ ಗುರಿ. ಬಿ ಕೋಶಗಳಲ್ಲಿ ನಡೆಯುವ ಈ ಕತ್ತರಿಸಿ ಅಂಟಿಸುವ ಕೆಲಸವನ್ನು 1976ರಲ್ಲಿ ತೋರಿಸಿಕೊಟ್ಟ ಜಪಾನಿನ ಸುಸುಮು ಟೊನೆಗಾವಾಗೆ 1987ರ ನೊಬೆಲ್ ಬಂತು.

ಕೋಟ್ಯಂತರ ಗ್ರಾಹಕಗಳನ್ನು ಹೀಗೆ ಕಣ್ಣುಮುಚ್ಚಿ ತಯಾರಿಸಿದರೆ ಅವುಗಳಲ್ಲಿ ಕೆಲವು ಹೊಸ ವೈರಸ್ಸಿಗೆ ಹೊಂದುತ್ತವೆ. ಕೆಲವು ನಮ್ಮದೇ ಇನ್ಸುಲಿನ್ನಿಗೆ, ನಮ್ಮದೇ ಥೈರಾಯ್ಡ್ ಪ್ರೋಟೀನಿಗೆ, ನಮ್ಮದೇ ಡಿಎನ್‌ಎಗೂ ಹೊಂದುತ್ತವೆ. ಇದನ್ನು ತಪ್ಪಿಸುವ ಹಾಗಿಲ್ಲ. ಯಾವ ಹೊಸ ರೋಗ ಬಂದರೂ ಎದುರಿಸಬಲ್ಲ ದೇಹ ಬೇಕೆಂದರೆ ತನ್ನನ್ನೇ ಕಚ್ಚಬಲ್ಲ ಕೋಶಗಳೂ ಅದೇ ಕಂತೆಯಲ್ಲಿ ಬರುತ್ತವೆ.

ನಂಬದೆ ಕಳೆದ ಅರ್ಧ ಶತಮಾನ

ವಿಜ್ಞಾನಿಗಳು ಈ ಮಾತನ್ನು ಬಹಳ ಕಾಲ ಒಪ್ಪಲಿಲ್ಲ. 1900ರ ಆಸುಪಾಸಿನಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿ ನೋಡಿದ. ಪರರ ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು (ಗುರಿಗೆ ಅಂಟಿಕೊಳ್ಳಲೆಂದು ಬಿ ಕೋಶಗಳ ಬಳಗ ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನ್‌ಗಳು, ಆಂಟಿಬಾಡಿ) ಹುಟ್ಟಿದವು, ತನ್ನ ರಕ್ತವನ್ನೇ ಒಡೆಯುವಂಥವು ಹುಟ್ಟಲಿಲ್ಲ. ದೇಹ ತನ್ನ ಮೇಲೆ ತಾನೇ ವಿಷ ಕಾರಿಕೊಳ್ಳಲು ಹೇಸುತ್ತದೆ, ಅದನ್ನು ತಡೆಯುವ ಏರ್ಪಾಟು ಯಾವುದೋ ಒಳಗಿದೆ ಎಂದು ಎರ್ಲಿಕ್ ಹೇಳಿದ. ಮಾತು ಸರಿಯಾಗಿಯೇ ಇತ್ತು. ಏರ್ಪಾಟು ಇದ್ದರೆ ಅದು ಕೆಡಲೂಬಹುದು ಎಂಬ ಸುಳಿವೂ ಅದರಲ್ಲೇ ಇತ್ತು. ಆದರೆ ಮುಂದಿನ ತಲೆಮಾರು ಅದನ್ನು ‘ಹಾಗೆ ಆಗುವುದೇ ಇಲ್ಲ’ ಎಂದು ಓದಿಕೊಂಡಿತು. ಎರ್ಲಿಕ್‌ಗೆ 1908ರಲ್ಲಿ ನೊಬೆಲ್ ಬಂದಿತ್ತು, ಅಷ್ಟು ದೊಡ್ಡವರ ಮಾತಿಗೆ ಎದುರಾಡುವವರು ಯಾರು?

ಪುರಾವೆ ಕಣ್ಣೆದುರೇ ಬರುತ್ತಿತ್ತು. ಚಳಿಗೆ ಮೈಯೊಡ್ಡಿದರೆ ಸಾಕು, ಮೂತ್ರ ಕೆಂಪಾಗುವ ಒಂದು ಅಪರೂಪದ ಕಾಯಿಲೆಯಲ್ಲಿ ರೋಗಿಯ ಪ್ರತಿಕಾಯವೇ ಅವರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂದು 1904ರಲ್ಲೇ ವಿಯೆನ್ನಾದ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ತೋರಿಸಿದ್ದರು. 1912ರಲ್ಲಿ ಜಪಾನಿನ ಯುವ ಶಸ್ತ್ರವೈದ್ಯ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಊದಿದ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅವುಗಳ ತುಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿವೆ ಎಂದು ಬರೆದ. ಅವು ಅಲ್ಲಿಗೆ ಏಕೆ ಬಂದವು ಎಂದು ಆಗ ಯಾರೂ ಕೇಳಲಿಲ್ಲ. ಹಶಿಮೊಟೊ ಊರಿಗೆ ಮರಳಿ ವೈದ್ಯವೃತ್ತಿ ಮಾಡಿಕೊಂಡಿದ್ದು 1934ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. ಇಂದು ಜಗತ್ತಿನ ಉದ್ದಗಲಕ್ಕೂ ಥೈರಾಯ್ಡ್ ರೋಗಿಗಳ ಚೀಟಿಗಳಲ್ಲಿ ಆತನ ಹೆಸರಿರುತ್ತದೆ.

ಈ ಚರಿತ್ರೆಯಲ್ಲಿ ನನಗೆ ಅತಿ ರೋಚಕವೆನಿಸುವುದು 1950ರ ಒಂದು ಹುಚ್ಚು ಸಾಹಸ. ಡೆಂಗಿ ಬಂದಾಗ ನಾವೆಲ್ಲ ಆತಂಕದಿಂದ ಎಣಿಸುವ ಪ್ಲೇಟ್‌ಲೆಟ್‌ಗಳು ಕೆಲವರಲ್ಲಿ ಯಾವ ಜ್ವರವೂ ಇಲ್ಲದೆ ಕುಸಿಯುತ್ತವೆ, ಮೈಮೇಲೆ ನೇರಳೆ ಕಲೆಗಳು ಏಳುತ್ತವೆ. ಕಾರಣ ಅಸ್ಥಿಮಜ್ಜೆಯಲ್ಲಿದೆಯೋ ರಕ್ತದಲ್ಲಿದೆಯೋ ಎಂಬ ವಾದವಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಲಿಯಂ ಹ್ಯಾರಿಂಗ್ಟನ್ ಎಂಬ ಎಳೆಯ ವೈದ್ಯ ಅಂಥ ರೋಗಿಯೊಬ್ಬರ ರಕ್ತವನ್ನು ತನ್ನ ನರಕ್ಕೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಆತನ ಪ್ಲೇಟ್‌ಲೆಟ್ ಪಾತಾಳಕ್ಕಿಳಿದು ಜೀವಕ್ಕೇ ಅಪಾಯ ಬಂದಿತ್ತು. ಕೆಲವು ದಿನಗಳಲ್ಲಿ ಚೇತರಿಸಿಕೊಂಡ. ರೋಗಿಯ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳನ್ನು ಹಾಳುಗೆಡಹುವ ವಸ್ತುವೊಂದಿದೆ ಎಂಬುದು ಅಲ್ಲಿಗೆ ಖಚಿತವಾಯಿತು, ಮುಂದೆ ಅದು ಪ್ರತಿಕಾಯವೆಂದು ತಿಳಿಯಿತು. ಇಂದಿನ ಯಾವ ನೈತಿಕ ಸಮಿತಿಯೂ ಇಂಥದಕ್ಕೆ ಅನುಮತಿ ಕೊಡದು, ಕೊಡಲೂಬಾರದು.

ಕೊನೆಗೆ ಬೀಗ ಒಡೆದದ್ದು 1956ರಲ್ಲಿ. ಅಮೆರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಸಾರವನ್ನು, ಪ್ರತಿಕ್ರಿಯೆ ಕೆರಳಿಸುವ ವಸ್ತುವಿನೊಡನೆ ಚುಚ್ಚಿದಾಗ ಅವುಗಳ ಗ್ರಂಥಿ ಹಶಿಮೊಟೊ ಬಣ್ಣಿಸಿದ ಹಾಗೆಯೇ ಹಾಳಾಯಿತು. ರೋಸ್‌ನ ಗುರು ಅರ್ನೆಸ್ಟ್ ವಿಟೆಬ್ಸ್ಕಿ ಎರ್ಲಿಕ್‌ನ ಶಿಷ್ಯಪರಂಪರೆಯವನು. ಕಂಡದ್ದನ್ನು ನಂಬಲಾರದೆ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸಿದ. ಅದೇ ವರ್ಷ ಲಂಡನ್ನಿನಲ್ಲಿ ಇವಾನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತವರ ಸಂಗಡಿಗರು ಹಶಿಮೊಟೊ ಕಾಯಿಲೆಯವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು.

ಎರಡು ಸುತ್ತಿನ ತಡೆ

ತನ್ನನ್ನೇ ಕಚ್ಚುವ ಕೋಶಗಳು ಹುಟ್ಟುವುದು ಖಚಿತ ಎಂದಾದ ಮೇಲೆ ಅವನ್ನು ಸುಮ್ಮನಿರಿಸುವುದು ಹೇಗೆ? ಮೊದಲ ಸುತ್ತು ನಡೆಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಸಣ್ಣ ಗ್ರಂಥಿಯಲ್ಲಿ. ಟಿ ಕೋಶಗಳು ಬಲಿಯುವ ಜಾಗ ಅದು. 1961ರಲ್ಲಿ ಜಾಕ್ ಮಿಲ್ಲರ್ ಇದರ ಕೆಲಸವನ್ನು ತೋರಿಸಿಕೊಡುವವರೆಗೂ ವೈದ್ಯರು ಥೈಮಸ್ಸನ್ನು ಕೆಲಸಕ್ಕೆ ಬಾರದ ಅವಶೇಷ ಎಂದುಕೊಂಡಿದ್ದರು. ಇಲ್ಲಿ ಎಳೆಯ ಟಿ ಕೋಶಗಳಿಗೆ ದೇಹದ ಪ್ರೋಟೀನ್ ಚೂರುಗಳನ್ನು ತೋರಿಸಲಾಗುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡ ಕೋಶ ಸಾಯಬೇಕು. ಏನನ್ನೂ ಗುರುತಿಸಲಾರದ ಕೋಶವೂ ಸಾಯುತ್ತದೆ. ಒಳಹೋದವುಗಳಲ್ಲಿ ನೂರಕ್ಕೆ ಐದೂ ಜೀವಂತ ಹೊರಬರುವುದಿಲ್ಲ.

ಒಂದು ತೊಡಕಿದೆ. ಇನ್ಸುಲಿನ್ ತಯಾರಾಗುವುದು ಮೇದೋಜೀರಕದಲ್ಲಿ, ಥೈರಾಯ್ಡ್ ಪ್ರೋಟೀನ್ ಕುತ್ತಿಗೆಯಲ್ಲಿ. ಅವನ್ನು ಥೈಮಸ್ಸಿಗೆ ತಂದು ತೋರಿಸುವವರು ಯಾರು? ಥೈಮಸ್ಸಿನ ಕೆಲವು ಕೋಶಗಳಲ್ಲಿ ಏರ್ ಎಂಬ ಜೀನ್ ಇದೆ, ಅದರ ಸುಳಿವು ಸಿಕ್ಕದ್ದು 1997ರಲ್ಲಿ. ದೇಹದ ಬೇರೆ ಬೇರೆ ಅಂಗಗಳ ಸಾವಿರಾರು ಪ್ರೋಟೀನ್‌ಗಳನ್ನು ಥೈಮಸ್ಸಿನೊಳಗೇ ಚೂರುಚೂರು ತಯಾರಿಸುವಂತೆ ಅದು ಮಾಡುತ್ತದೆ. ಈ ಒಂದು ಜೀನ್ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಒಂದಾದ ಮೇಲೊಂದು ಗ್ರಂಥಿ ಆಟೋಇಮ್ಯೂನ್ ದಾಳಿಗೆ ತುತ್ತಾಗುತ್ತದೆ. ಇನ್ಸುಲಿನ್ ಪೆನ್ ಹೊತ್ತ ಆ ಹುಡುಗಿಗಿರುವ ಟೈಪ್ 1 ಮಧುಮೇಹದಲ್ಲೂ ಇದರ ನೆರಳು ಕಾಣುತ್ತದೆ. ಇನ್ಸುಲಿನ್ ಜೀನಿನ ಒಂದು ರೂಪಭೇದ ಇರುವವರ ಥೈಮಸ್ಸಿನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುತ್ತದೆ. ಅಷ್ಟರಮಟ್ಟಿಗೆ ಇನ್ಸುಲಿನ್ ವಿರೋಧಿ ಟಿ ಕೋಶಗಳು ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಪಾರಾಗುತ್ತವೆ. ಈ ಕಾಯಿಲೆ ಬರುವ ಸಾಧ್ಯತೆಯೂ ಅಂಥವರಲ್ಲಿ ಹೆಚ್ಚು.

ಥೈಮಸ್ ಎಷ್ಟು ಕಟ್ಟುನಿಟ್ಟಾಗಿದ್ದರೂ ಸೋರಿಕೆ ಇದ್ದೇ ಇದೆ. ತಪ್ಪಿಸಿಕೊಂಡವುಗಳನ್ನು ಹೊರಗೆ ಹಿಡಿದಿಡುವುದು ಎರಡನೆಯ ಸುತ್ತು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಬೇರೆ ಟಿ ಕೋಶಗಳ ಮೇಲೆ ಕೈಯಿಟ್ಟು ಅವುಗಳ ಅಬ್ಬರ ತಗ್ಗಿಸುವ ಒಂದು ವಿಶೇಷ ಗುಂಪನ್ನು ಗುರುತಿಸಿದರು. ರೆಗ್ಯುಲೇಟರಿ ಟಿ ಕೋಶ ಎಂದು ಅದರ ಹೆಸರು, ನಾವು ನಿಯಂತ್ರಕ ಕೋಶ ಎನ್ನೋಣ. ಅಂಥ ಕೋಶಗಳು ಇವೆ ಎಂಬ ಮಾತೇ ಆ ಕಾಲದಲ್ಲಿ ಪ್ರತಿಷ್ಠೆ ಕಳೆದುಕೊಂಡಿತ್ತು, ಆ ಸಂಶೋಧನೆಗೆ ಕೈಹಾಕುವವರೇ ಕಡಿಮೆ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಪತ್ತೆಹಚ್ಚಿದರು. ಫಾಕ್ಸ್‌ಪಿ3 ಎಂಬ ಆ ಜೀನೇ ನಿಯಂತ್ರಕ ಕೋಶಗಳನ್ನು ರೂಪಿಸುವುದು ಎಂದು ಆಮೇಲೆ ತಿಳಿಯಿತು. ಅದು ಕೆಟ್ಟಿರುವ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲೇ ಮಧುಮೇಹ, ನಿಲ್ಲದ ಭೇದಿ, ಇಸುಬು ಎಲ್ಲಕ್ಕೂ ಒಟ್ಟಿಗೆ ತುತ್ತಾಗುತ್ತಾರೆ. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಹಂಚಿಕೆಯಾಯಿತು.

ಲಗಾಮಿನ ಮಹತ್ವಕ್ಕೆ ಇನ್ನೂ ನೇರವಾದ ಸಾಕ್ಷಿ ಕ್ಯಾನ್ಸರ್ ವಾರ್ಡಿನಿಂದ ಬರುತ್ತದೆ. ಟಿ ಕೋಶಗಳ ಮೇಲ್ಮೈಯಲ್ಲೇ ಅವುಗಳನ್ನು ತಡೆಯುವ ಪ್ರೋಟೀನ್‌ಗಳಿವೆ. ಆ ತಡೆಯನ್ನು ಔಷಧದಿಂದ ತೆಗೆದುಬಿಟ್ಟರೆ ಟಿ ಕೋಶಗಳು ಕ್ಯಾನ್ಸರ್ ಗೆಡ್ಡೆಯ ಮೇಲೆ ಎರಗುತ್ತವೆ. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು ಇದಕ್ಕೇ. ಆದರೆ ಈ ಔಷಧ ಪಡೆದವರಲ್ಲಿ ಕೆಲವರಿಗೆ ಥೈರಾಯ್ಡ್ ಉರಿಯೂತ, ಕರುಳಿನ ಉರಿಯೂತ, ಅಪರೂಪಕ್ಕೆ ಟೈಪ್ 1 ಮಧುಮೇಹವೇ ಹೊಸದಾಗಿ ಬರುತ್ತದೆ. ಆ ಕೋಶಗಳು ಅವರ ಮೈಯಲ್ಲಿ ಮೊದಲೇ ಇದ್ದವು, ತಡೆ ಇದ್ದುದರಿಂದ ತೆಪ್ಪಗಿದ್ದವು. ಇಮ್ಯುನಿಟಿಯನ್ನು ನಿಜವಾಗಿಯೂ ‘ಹೆಚ್ಚಿಸುವ’ ಔಷಧ ಬೇಕೆನ್ನುವವರು ಈ ಅಡ್ಡಪರಿಣಾಮಗಳ ಪಟ್ಟಿಯನ್ನೊಮ್ಮೆ ಓದಿ ನೋಡಬೇಕು.

ತಡೆ ಸಡಿಲವಾಗುವುದು ಏಕೆ

ಒಂದೇ ಕಾರಣ ಎಂಬುದಿಲ್ಲ. ಜೀನ್‌ಗಳ ಪಾಲಿದೆ. ಎಚ್‌ಎಲ್‌ಎ ಎಂಬ ಜೀನ್ ಗುಂಪಿನದಂತೂ ದೊಡ್ಡ ಪಾಲು. ಪ್ರೋಟೀನ್ ಚೂರುಗಳನ್ನು ಕೋಶದ ಮೇಲ್ಮೈಯಲ್ಲಿ ಎತ್ತಿ ಹಿಡಿದು ಟಿ ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ಯಾವ ರೂಪದ ಎಚ್‌ಎಲ್‌ಎ ಇದೆ ಎಂಬುದರ ಮೇಲೆ ಯಾವ ಚೂರು ಕಾಣುತ್ತದೆ ಎಂಬುದು ನಿಂತಿದೆ. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೂ ಎಚ್‌ಎಲ್‌ಎ-ಬಿ27ಕ್ಕೂ ನಂಟಿರುವುದು 1973ರಲ್ಲೇ ಗೊತ್ತಾಯಿತು. (ಈ ಕಾಯಿಲೆ ನಮ್ಮಲ್ಲಿ ವರ್ಷಗಟ್ಟಲೆ ‘ಡಿಸ್ಕ್ ಪ್ರಾಬ್ಲಂ’ ಎಂದು ಓಡಾಡುತ್ತದೆ. ಇಪ್ಪತ್ತರ ಹರೆಯದವರಿಗೆ ಬೆಳಗಿನ ಜಾವ ಸೊಂಟ ಹಿಡಿದುಕೊಂಡು, ಮಲಗಿದರೆ ಹೆಚ್ಚಿ, ಓಡಾಡಿದರೆ ಕಡಿಮೆಯಾಗುವ ಬೆನ್ನುನೋವು ತಿಂಗಳುಗಟ್ಟಲೆ ಇದ್ದರೆ ಡಿಸ್ಕಿನಾಚೆಗೂ ಯೋಚಿಸಬೇಕು.) ಹಾಗಂತ ಬಿ27 ಇದ್ದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕೀಲಿನ ಒಳಪೊರೆಯ ಮೇಲೆ ದಾಳಿಯಾಗುವ ರುಮಟಾಯ್ಡ್ ಸಂಧಿವಾತ ಬಂದರೆ ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು. ಜೀನ್ ನೆಲ ಹದ ಮಾಡಿಕೊಟ್ಟೀತು, ಬಿತ್ತುವುದು ಬೇರೆ.

ಹೊರಗಿನ ಕಾರಣಗಳಲ್ಲಿ ನಮ್ಮ ನಾಡಿಗೆ ಅತಿ ಹತ್ತಿರದ್ದು ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಎರಡು ಮೂರು ವಾರವಾದ ಮೇಲೆ ಮತ್ತೆ ಜ್ವರ. ಮಂಡಿ ಊದಿ ನೋವು, ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ. ಆ ಬ್ಯಾಕ್ಟೀರಿಯಾದ ಹೊರಮೈಯ ಪ್ರೋಟೀನಿಗೂ ನಮ್ಮ ಹೃದಯದ ಸ್ನಾಯುವಿನ ಪ್ರೋಟೀನಿಗೂ ಹೋಲಿಕೆ ಇದೆ. ಬ್ಯಾಕ್ಟೀರಿಯಾವನ್ನು ಗುರಿಯಾಗಿಸಿಕೊಂಡು ಹುಟ್ಟಿದ ಪ್ರತಿಕಾಯ ಮತ್ತು ಟಿ ಕೋಶಗಳು ಹೃದಯದ ಕವಾಟಕ್ಕೂ ಕೈಹಾಕುತ್ತವೆ. ಕೀಲುನೋವು ಗುರುತೂ ಉಳಿಯದಂತೆ ಮಾಯವಾಗುವುದರಿಂದ ಮನೆಯವರು ಮರೆತುಬಿಡುತ್ತಾರೆ. ಕವಾಟದ ಗಾಯ ಮಾತ್ರ ಮಾಯುವುದಿಲ್ಲ. ಹತ್ತಿಪ್ಪತ್ತು ವರ್ಷದ ನಂತರ, ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಮೊದಲ ಬಸಿರಿನಲ್ಲಿ, ಮೆಟ್ಟಿಲು ಹತ್ತಿದರೆ ಉಬ್ಬಸ ಶುರುವಾದಾಗ ಮೈಟ್ರಲ್ ಕವಾಟ ಕಿರಿದಾಗಿರುವುದು ಬೆಳಕಿಗೆ ಬರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಬಲೂನ್ ತೂರಿಸಿ ಈ ಕವಾಟ ಹಿಗ್ಗಿಸುವ ಚಿಕಿತ್ಸೆ ದಶಕಗಳಿಂದ ನಡೆದುಬಂದಿದೆ. ಶ್ರೀಮಂತ ದೇಶಗಳಿಂದ ಬಹುಮಟ್ಟಿಗೆ ಮರೆಯಾಗಿರುವ ಕಾಯಿಲೆ ಇದು. ಇಕ್ಕಟ್ಟಾದ ಮನೆ, ಗಂಟಲು ನೋವಿಗೆ ಸಕಾಲದಲ್ಲಿ ಸಿಗದ ಪೆನಿಸಿಲಿನ್ ಇರುವಲ್ಲಿ ಇನ್ನೂ ಉಳಿದಿದೆ. ಒಮ್ಮೆ ಬಂದವರು ಮೂರು ವಾರಕ್ಕೊಂದರಂತೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುವುದು, ಗಂಟಲಿನ ಸೋಂಕು ಮರುಕಳಿಸಿ ಕವಾಟಕ್ಕೆ ಮತ್ತೆ ಪೆಟ್ಟು ಬೀಳದಿರಲೆಂದು.

ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಬೆನ್ನಿಗೆ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಇದೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಜಾಲಾಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವೈರಸ್ ತಗಲಿದ ಮೇಲೆ ಕಾಯಿಲೆಯ ಸಾಧ್ಯತೆ 32 ಪಟ್ಟು ಏರಿತ್ತು. ಆದರೆ ಜಗತ್ತಿನ ಬಹುಪಾಲು ವಯಸ್ಕರಿಗೆ ಈ ವೈರಸ್ ಎಂದೋ ತಗಲಿಯಾಗಿದೆ, ಕಾಯಿಲೆ ಬಂದವರು ಕೆಲವೇ ಮಂದಿ. ಬೀಡಿ ಸಿಗರೇಟಿನ ದಾರಿ ಇನ್ನೊಂದು ಬಗೆಯದು. ಹೊಗೆ ಕುಡಿದ ಶ್ವಾಸಕೋಶದಲ್ಲಿ ಕೆಲವು ಪ್ರೋಟೀನ್‌ಗಳು ಸ್ವಲ್ಪ ರೂಪ ಬದಲಿಸುತ್ತವೆ. ರೂಪ ಬದಲಿಸಿದ ಪ್ರೋಟೀನ್ ದೇಹಕ್ಕೆ ಹೊರಗಿನದರಂತೆ ಕಾಣುತ್ತದೆ. ಅದಕ್ಕೆದುರಾಗಿ ಹುಟ್ಟಿದ ಪ್ರತಿಕಾಯಗಳು ರುಮಟಾಯ್ಡ್ ಸಂಧಿವಾತದವರ ರಕ್ತದಲ್ಲಿ ಸಿಗುತ್ತವೆ. ಸಿಸಿಪಿ ಪರೀಕ್ಷೆ ಹುಡುಕುವುದು ಇವನ್ನೇ.

ಹೆಣ್ಣುಮಕ್ಕಳಿಗೇ ಏಕೆ ಹೆಚ್ಚು? ಆಟೋಇಮ್ಯೂನ್ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು. ಚರ್ಮ, ಕೀಲು, ಮೂತ್ರಪಿಂಡಗಳನ್ನೆಲ್ಲ ಕಾಡುವ ಲೂಪಸ್‌ನಲ್ಲಂತೂ ಒಬ್ಬ ಗಂಡಸಿಗೆ ಒಂಬತ್ತು ಹೆಂಗಸರು. ಹಾರ್ಮೋನ್‌ಗಳ ಪಾತ್ರವಿದೆ. ಬಸಿರಿನಲ್ಲಿ ಸಂಧಿವಾತ ತಗ್ಗಿ ಹೆರಿಗೆಯಾದ ಕೆಲವು ತಿಂಗಳಲ್ಲಿ ಮರಳಿ ಕೆರಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದಕ್ಕಿಂತ ದೊಡ್ಡ ಸುಳಿವು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಅವುಗಳಲ್ಲಿ ಒಂದು ಮುಚ್ಚಿಕೊಂಡಿರಬೇಕು. ಆದರೆ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್7 ಎಂಬ ಜೀನ್ ಕೆಲವು ರಕ್ಷಣಾ ಕೋಶಗಳಲ್ಲಿ ಎರಡರಿಂದಲೂ ಕೆಲಸ ಮಾಡುತ್ತದೆ. ಹೆಚ್ಚುವರಿ ಎಕ್ಸ್ ಹೊತ್ತು ಹುಟ್ಟಿದ ಗಂಡಸರಲ್ಲಿ ಲೂಪಸ್ ಪ್ರಮಾಣ ಬೇರೆ ಗಂಡಸರಿಗಿಂತ ಬಹಳ ಹೆಚ್ಚಿರುವುದು ಈ ವಾದಕ್ಕೆ ಪುಷ್ಟಿ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಹೆಂಗಸರ ಸುಸ್ತು, ಮೈಕೈ ನೋವುಗಳನ್ನು ‘ಟೆನ್ಶನ್’ ಎಂದು ತಳ್ಳಿಹಾಕುವ ಚಾಳಿ ಈ ಲೆಕ್ಕದ ಮುಂದೆ ಇನ್ನಷ್ಟು ಅಪಾಯಕಾರಿ.

ದಾಳಿಯ ಬಗೆಗಳು

ಥೈರಾಯ್ಡ್ ಒಂದನ್ನೇ ನೋಡಿದರೂ ಸಾಕು. ಹಶಿಮೊಟೊದಲ್ಲಿ ಗ್ರಂಥಿ ನಿಧಾನವಾಗಿ ನಾಶವಾಗಿ ಹಾರ್ಮೋನ್ ಕಡಿಮೆಯಾಗುತ್ತದೆ, ಮೈ ಭಾರ, ಚಳಿ, ಮಲಬದ್ಧತೆ. ಅದೇ ಗ್ರಂಥಿಗೆ ಬರುವ ಗ್ರೇವ್ಸ್ ಕಾಯಿಲೆಯಲ್ಲಿ ಪ್ರತಿಕಾಯ ಏನನ್ನೂ ಕೊಲ್ಲುವುದಿಲ್ಲ. ಹಾರ್ಮೋನ್ ತಯಾರಿಸೆಂದು ಮಿದುಳಿನಡಿಯ ಗ್ರಂಥಿಯಿಂದ ಬರುವ ಸಂದೇಶವನ್ನು ಸ್ವೀಕರಿಸುವ ಗ್ರಾಹಕವಿದೆಯಲ್ಲ, ಅದಕ್ಕೇ ಅಂಟಿಕೊಂಡು ಬಿಡುವಿಲ್ಲದೆ ಒತ್ತುತ್ತದೆ. ಗ್ರಂಥಿ ಹಗಲಿರುಳು ದುಡಿಯುತ್ತದೆ. ಎದೆ ಡವಡವ, ಕೈನಡುಕ, ಉಂಡರೂ ಇಳಿಯುವ ತೂಕ. ಈ ಕಾಯಿಲೆಯ ತಾಯಂದಿರಿಗೆ ಹುಟ್ಟಿದ ಕೆಲವು ಶಿಶುಗಳಿಗೂ ಇದೇ ಲಕ್ಷಣಗಳಿರುತ್ತವೆ. ತಾಯಿಯಿಂದ ಕರುಳಬಳ್ಳಿಯ ಮೂಲಕ ಬಂದ ಪ್ರತಿಕಾಯ ಕೆಲವು ವಾರ ತಿಂಗಳುಗಳಲ್ಲಿ ಕರಗಿದಂತೆ ಮಗು ತಾನಾಗಿ ಸರಿಹೋಗುತ್ತದೆ. ಹ್ಯಾರಿಂಗ್ಟನ್ ತನ್ನ ಮೇಲೆ ಮಾಡಿಕೊಂಡದ್ದನ್ನು ಪ್ರಕೃತಿಯೇ ಇಲ್ಲಿ ಮಾಡಿ ತೋರಿಸುತ್ತದೆ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ನರದಿಂದ ಸ್ನಾಯುವಿಗೆ ಹೋಗುವ ಸಂದೇಶಕ್ಕೆ ಪ್ರತಿಕಾಯ ಅಡ್ಡಬರುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಕಣ್ಣುರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುತ್ತದೆ. ತೊನ್ನಿನಲ್ಲೂ ಟೈಪ್ 1 ಮಧುಮೇಹದಲ್ಲೂ ಕೊಲ್ಲುವ ಕೆಲಸ ಮುಖ್ಯವಾಗಿ ಟಿ ಕೋಶಗಳದು. ಅಂದಮೇಲೆ ತೊನ್ನು ಮುಟ್ಟಿದರೆ ಅಂಟುವುದಿಲ್ಲ, ಹಾಲು ಮೀನು ಒಟ್ಟಿಗೆ ತಿಂದಿದ್ದರಿಂದ ಬಂದದ್ದೂ ಅಲ್ಲ, ಯಾರ ಪಾಪದ ಫಲವೂ ಅಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿರುವುದೇ ಬೇಸರದ ಸಂಗತಿ. ಲೂಪಸ್‌ಗೆ ಒಂದು ಅಂಗವೆಂಬುದಿಲ್ಲ. ಸತ್ತ ಕೋಶಗಳ ಡಿಎನ್‌ಎಗೆ ಅಂಟಿಕೊಂಡ ಪ್ರತಿಕಾಯಗಳು ಗಂಟುಗಂಟಾಗಿ ಚರ್ಮದಲ್ಲಿ, ಕೀಲಿನಲ್ಲಿ, ಮೂತ್ರಪಿಂಡದ ಸೋಸುವ ಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಸಿಲಿಗೆ ಹೋದರೆ ಕೆನ್ನೆ ಕೆಂಪೇರುವುದು, ಬಾಯಿಹುಣ್ಣು, ಕೂದಲುದುರುವುದು, ಆಮೇಲೆ ಒಂದು ದಿನ ಮೂತ್ರದಲ್ಲಿ ನೊರೆ. ಬಿಡಿಬಿಡಿಯಾಗಿ ನೋಡಿದರೆ ಒಂದೂ ಗಾಬರಿ ಹುಟ್ಟಿಸುವುದಿಲ್ಲ, ಪತ್ತೆ ತಡವಾಗುವುದೂ ಅದಕ್ಕೇ.

ಹಾಗೆಂದು ಲ್ಯಾಬಿನ ಪ್ಯಾಕೇಜಿನಲ್ಲಿ ಎಎನ್‌ಎ ಪರೀಕ್ಷೆ (ಕೋಶಕೇಂದ್ರದ ವಸ್ತುಗಳಿಗೆ ಅಂಟುವ ಪ್ರತಿಕಾಯಗಳನ್ನು ಹುಡುಕುವುದು) ಮಾಡಿಸಿ, ‘ಪಾಸಿಟಿವ್’ ಎಂದು ನೋಡಿ ರಾತ್ರಿಯಿಡೀ ಗೂಗಲ್ ಮಾಡುವವರಿಗೆ ಒಂದು ಮಾತು. ರಕ್ತವನ್ನು 40 ಪಟ್ಟು ತೆಳು ಮಾಡಿ ನೋಡಿದಾಗ ಪೂರ್ತಿ ಆರೋಗ್ಯವಂತರಲ್ಲೂ ನಾಲ್ವರಲ್ಲಿ ಒಬ್ಬರಿಗಾದರೂ ಇದು ಪಾಸಿಟಿವ್ ಬರುತ್ತದೆ, 160 ಪಟ್ಟಿನಲ್ಲೂ ನೂರಕ್ಕೆ ಐವರಿಗೆ ಬರುತ್ತದೆ. ತನ್ನನ್ನೇ ಗುರುತಿಸುವ ಪ್ರತಿಕಾಯಗಳು ಎಲ್ಲರಲ್ಲೂ ಅಷ್ಟಿಷ್ಟು ಇರುತ್ತವೆ ಎಂದ ಮೇಲೆ ಇದರಲ್ಲಿ ಅಚ್ಚರಿಯಿಲ್ಲ. ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ಸೇನೆಯವರು ಕಾದಿರಿಸಿದ್ದ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಮುಂದೆ ಲೂಪಸ್ ಬಂದ 130 ಜನರಲ್ಲಿ 115 ಮಂದಿಗೆ ಕಾಯಿಲೆ ಪತ್ತೆಯಾಗುವ ಮೊದಲೇ, ಕೆಲವರಿಗೆ ಒಂಬತ್ತು ವರ್ಷದಷ್ಟು ಹಿಂದೆಯೇ, ಇಂಥ ಪ್ರತಿಕಾಯಗಳಿದ್ದವು. ಕಾಯಿಲೆ ಶುರುವಾಗುವ ದಿನ ಒಂದು, ಲಕ್ಷಣ ಕಾಣುವ ದಿನ ಇನ್ನೊಂದು. ಲಕ್ಷಣಗಳ ಜೊತೆಗಿಟ್ಟು ಓದಿದಾಗಲೇ ಆ ರಿಪೋರ್ಟಿಗೆ ಅರ್ಥ.

ಔಷಧ ಮಾಡುವುದೇನು

ಮೂಲ ತತ್ವ ಒಂದೇ, ಅಬ್ಬರ ತಗ್ಗಿಸುವುದು. ಇದಕ್ಕೆ ಹೊರತುಗಳಿವೆ. ಹಶಿಮೊಟೊ, ಟೈಪ್ 1 ಮಧುಮೇಹಗಳಲ್ಲಿ ಕಳೆದುಹೋದ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಬದುಕು ನಡೆಯುತ್ತದೆ, ದಾಳಿಯನ್ನು ಅದರ ಪಾಡಿಗೆ ಬಿಡುತ್ತಾರೆ. ಉಳಿದವುಗಳಲ್ಲಿ ಹಲವಕ್ಕೆ ಮೊದಲ ಅಸ್ತ್ರ ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಮೇಲೇಳಲಾರದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು ಆಮೇಲೆ ಒಂದೊಂದಾಗಿ ಬೆಳಕಿಗೆ ಬಂದವು. ಸ್ಟೀರಾಯ್ಡ್ ಬೆಂಕಿ ಆರಿಸುತ್ತದೆ, ಅದನ್ನೇ ನಂಬಿ ವರ್ಷಗಟ್ಟಲೆ ಕೂರುವಂತಿಲ್ಲ. ಬಹಳ ದಿನ ತೆಗೆದುಕೊಂಡವರು ಸ್ವಂತ ನಿರ್ಧಾರದಿಂದ ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಜೀವಕ್ಕೇ ಅಪಾಯವಾದೀತು. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ, ಮೂರೇ ದಿನದಲ್ಲಿ ಚಮತ್ಕಾರ ತೋರಿಸುವ ‘ನಾಟಿ’ ಪುಡಿಗಳಲ್ಲಿ ಎಷ್ಟೋ ಸಲ ಬೆರೆತಿರುವುದು ಇದೇ.

ಸಂಧಿವಾತಕ್ಕೆ ಬಹುಕಾಲದ ಆಧಾರ ಮೆಥೊಟ್ರೆಕ್ಸೇಟ್. ಅಗ್ಗ, ಪರಿಣಾಮಕಾರಿ. ಆದರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದ್ದು. ದಿನದ ಮಾತ್ರೆಯೆಂದುಕೊಂಡು ನುಂಗಿ ಅಸ್ಥಿಮಜ್ಜೆ ಕೆಟ್ಟು ಪ್ರಾಣ ಕಳೆದುಕೊಂಡವರಿದ್ದಾರೆ. ಮಾತ್ರೆಯ ಡಬ್ಬಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದಿಡುವುದು ಒಳ್ಳೆಯದು. ಲೂಪಸ್‌ನವರ ದಿನನಿತ್ಯದ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್, ಮೂಲತಃ ಮಲೇರಿಯಾದ್ದು. 2020ರಲ್ಲಿ ಕೋವಿಡ್‌ಗೆ ರಾಮಬಾಣವೆಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದಾಗ, ಅದನ್ನೇ ನಂಬಿಕೊಂಡಿದ್ದ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಕೋವಿಡ್‌ಗೆ ಅದು ಉಪಯೋಗಕ್ಕೆ ಬರಲಿಲ್ಲ.

ಬಯಾಲಾಜಿಕ್ ಎಂಬ ಹೊಸ ಇಂಜೆಕ್ಷನ್‌ಗಳು ಉರಿಯೂತದ ಒಂದೇ ಒಂದು ಅಣುವನ್ನು ಆಯ್ದು ಕಟ್ಟಿಹಾಕುತ್ತವೆ. ಟಿಎನ್‌ಎಫ್ ಎಂಬ ಅಣುವನ್ನು ತಡೆದು ಸಂಧಿವಾತ ತಗ್ಗಿಸಬಹುದೆಂದು 1990ರ ದಶಕದಲ್ಲಿ ಲಂಡನ್ನಿನ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ತೋರಿಸಿದರು. ಮೈನಿ ಪಂಜಾಬಿನ ಲೂಧಿಯಾನಾದಲ್ಲಿ ಹುಟ್ಟಿದವರು. ಇದೇ ಟಿಎನ್‌ಎಫ್ ನಮ್ಮ ಶ್ವಾಸಕೋಶದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನೂ ಹಿಡಿದಿಟ್ಟಿರುತ್ತದೆ. ಭಾರತದಂಥ ದೇಶದಲ್ಲಿ ಈ ಇಂಜೆಕ್ಷನ್ ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡಿಸಲೇಬೇಕಾದ್ದು ಅದಕ್ಕೇ.

ಇನ್ನು ಅಮೃತಬಳ್ಳಿ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದ ಆರು ಜನರಿಗೆ ಕಾಮಾಲೆ ಬಂದು, ಪರೀಕ್ಷೆಯಲ್ಲಿ ಯಕೃತ್ತಿಗೆ ಆಟೋಇಮ್ಯೂನ್ ಬಗೆಯ ಹಾನಿ ಕಂಡುಬಂತೆಂದು ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅವರು ಕುಡಿದದ್ದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯಾಗಿರಬಹುದು ಎಂದಿತು. ಆಮೇಲೆ ಬೇರೆ ಊರುಗಳಿಂದಲೂ ಇಂಥ ವರದಿಗಳು ಬಂದವು. ಲಕ್ಷಾಂತರ ಜನ ಕುಡಿದು ಏನೂ ಆಗದಿರುವುದು ನಿಜ. ಆದರೆ ಈಗಾಗಲೇ ಥೈರಾಯ್ಡ್, ಲೂಪಸ್, ಸಂಧಿವಾತ ಇರುವವರು ಇಮ್ಯುನಿಟಿ ಬೂಸ್ಟರ್ ಎಂದು ಮಾರುವ ಯಾವುದನ್ನೇ ಆಗಲಿ ತಮ್ಮ ವೈದ್ಯರಿಗೆ ತಿಳಿಸದೆ ಶುರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮಾತ್ರೆಯೋ ಪುಡಿಯೋ ಕೆಲಸ ಮಾಡದಿದ್ದರೆ ದುಡ್ಡು ದಂಡ. ಹೆಸರಿನಂತೆಯೇ ಕೆಲಸ ಮಾಡಿಬಿಟ್ಟರೆ ಕಷ್ಟ.

ಕಾಯಿಲೆಯನ್ನು ಮುಂದೂಡುವ, ಬೇರಿಗೇ ಕೈಹಾಕುವ ಪ್ರಯತ್ನಗಳು ಈಚಿನವು. ಟೈಪ್ 1 ಮಧುಮೇಹ ಬರಲಿರುವ ಸೂಚನೆ ರಕ್ತದಲ್ಲಿ ಕಂಡ ಮಕ್ಕಳಿಗೆ ಕೊಡುವ ಟೆಪ್ಲಿಝುಮಾಬ್ ಎಂಬ ಔಷಧಕ್ಕೆ 2022ರ ನವೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಕಾಯಿಲೆಯನ್ನು ಅದು ಸರಾಸರಿ ಎರಡು ವರ್ಷ ಮುಂದೂಡಿತ್ತು. ಪುಟ್ಟ ಮಗುವಿರುವ ಮನೆಗೆ ಇನ್ಸುಲಿನ್ ಇಲ್ಲದ ಎರಡು ವರ್ಷ ಸಣ್ಣದಲ್ಲ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೇಯೊರ್ಗ್ ಶೆಟ್ ಮತ್ತು ಸಂಗಡಿಗರು ರಕ್ತದ ಕ್ಯಾನ್ಸರಿಗೆ ಬಳಸುವ ಕಾರ್-ಟಿ ಚಿಕಿತ್ಸೆಯನ್ನು ಲೂಪಸ್‌ಗೆ ತಂದರು. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಬಿ ಕೋಶಗಳನ್ನು ಗುರಿಯಿಡುವಂತೆ ಮಾರ್ಪಡಿಸಿ, ಮತ್ತೆ ಮೈಗೆ ಬಿಡುವುದು. 2021ರಲ್ಲಿ ಬೇರಾವ ಔಷಧಕ್ಕೂ ಬಗ್ಗದ ಲೂಪಸ್ ಇದ್ದ 20 ವರ್ಷದ ಹುಡುಗಿಯೊಬ್ಬಳಿಗೆ ಕೊಟ್ಟ ವರದಿ ಮೊದಲು ಬಂತು. 2024ರಲ್ಲಿ ಲೂಪಸ್ ಮತ್ತಿತರ ಆಟೋಇಮ್ಯೂನ್ ಕಾಯಿಲೆಗಳ 15 ರೋಗಿಗಳ ವರದಿ ಪ್ರಕಟವಾದಾಗ ಅವರೆಲ್ಲರೂ ಇಮ್ಯುನಿಟಿ ತಗ್ಗಿಸುವ ಔಷಧಗಳನ್ನು ಬಿಟ್ಟಿದ್ದರು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೂಪುಗೊಂಡ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ, ಅದು ರಕ್ತದ ಕ್ಯಾನ್ಸರಿಗೆ ಮಾತ್ರ.

ಎರ್ಲಾಂಗೆನ್‌ನ ರೋಗಿಗಳಲ್ಲಿ ಕೆಲವು ತಿಂಗಳ ನಂತರ ಬಿ ಕೋಶಗಳು ಅಸ್ಥಿಮಜ್ಜೆಯಿಂದ ಮತ್ತೆ ಹುಟ್ಟಿ ಬಂದವು, ಕಾಯಿಲೆ ಜೊತೆಗೆ ಬರಲಿಲ್ಲ. ಬಂದ ಕೋಶಗಳು ಹೊಸವು, ಇನ್ನೂ ಯಾವುದರ ಮೇಲೂ ಕೆರಳದವು. ಅವುಗಳ ಗ್ರಾಹಕಗಳೂ ಜೀನಿನ ತುಣುಕುಗಳನ್ನು ಮನಬಂದಂತೆ ಜೋಡಿಸಿಯೇ ತಯಾರಾದವು, ಹಾಗಾಗಿ ಡಿಎನ್‌ಎಗೆ ಹೊಂದುವ ಕೆಲವು ಅವುಗಳ ನಡುವೆಯೂ ಇದ್ದೇ ಇರುತ್ತವೆ. ಈ ಸಲ ಅವು ಎಷ್ಟು ವರ್ಷ ಸುಮ್ಮನಿರುತ್ತವೆ ಎಂಬುದನ್ನು ನೋಡಲು ವೈದ್ಯರು ಆ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಲೇ ಇದ್ದಾರೆ.